ಹುನಗುಂದ ರಸ್ತೆಯ ಡಾಂಬರು

1978ರ ಜನವರಿ. ನಾನಾಗ ಬಾಗಲಕೋಟೆಯಲ್ಲಿ ರಸ್ತೆ ಕಾಮಗಾರಿಯ ಪರೀಕ್ಷಾ ಸಹಾಯಕ, ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಹುನಗುಂದ–ಇಳಕಲ್ ರಸ್ತೆಯಲ್ಲಿ ಡಾಂಬರಿನ ಉಷ್ಣತೆ ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಡಾಂಬರು ಕಾದಷ್ಟೂ ಅದರ ವಿಸ್ಕಾಸಿಟಿ, ಅಂದರೆ ಹರಿಯದೆ ಹಟ ಹಿಡಿಯುವ ಗುಣ, ಇಳಿಯುತ್ತದೆ. 160 ಡಿಗ್ರಿಯ ಸುಮಾರಿಗೆ ತೆಳ್ಳಗಾಗಿ ಪ್ರತಿ ಕಲ್ಲನ್ನೂ ಸುತ್ತಿಕೊಳ್ಳುತ್ತದೆ. ಅತಿಯಾಗಿ ಕಾದರೆ ಸುಟ್ಟು ಅಂಟು ಕಳೆದುಕೊಳ್ಳುತ್ತದೆ.

ಬಾಯ್ಲರ್ ನೋಡುತ್ತಿದ್ದವನು ಮಾಳಪ್ಪ. ಕೋಲು ಅದ್ದಿ ಎತ್ತಿ, ಇಳಿಯುವ ಎಳೆ ನೋಡಿಯೇ ಹದ ಹೇಳುತ್ತಿದ್ದ. ಆ ಬೆಳಿಗ್ಗೆ ಎಳೆ ದಪ್ಪಗಿತ್ತು.

"ಇನ್ನಾ ಕಾದಿಲ್ರಿ ಸಾಹೇಬ್ರ. ಅರ್ಧಾ ತಾಸು ತಡೀರಿ."

ಸೆಕ್ಷನ್ ಆಫೀಸರ್ ವಸಂತ ನಕ್ಕ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗೆಳೆಯ. "ಏ ಮಾಳಪ್ಪಾ, ಹೋಳಿಗಿಗೆ ಹೂರಣ ಕುದಿಸಾಕತ್ತೀ ಏನ್? ಮಧ್ಯಾಹ್ನ ದೊಡ್ಡ ಸಾಹೇಬ್ರು ಬರ್ತಾರ. ಸುರಿ!"

ಥರ್ಮಾಮೀಟರ್ 130 ತೋರಿಸಿತು. ಹಾಗೆಯೇ ಬರೆದೆ. ಬರೆದೆನೆಂದೇ ನನ್ನ ನೆನಪು.

ಮೂರು ತಿಂಗಳಲ್ಲಿ ರಸ್ತೆ ಕಿತ್ತುಹೋಯಿತು. ಮಾಳಪ್ಪ ಡಾಂಬರು ಸುಟ್ಟನೆಂಬ ಆರೋಪದ ಮೇಲೆ ವಿಚಾರಣೆ ನಡೆಯಿತು. ಪುಸ್ತಕ ತೆರೆದರೆ 180 ಎಂದಿತ್ತು. ಮೂರರ ಬಾಯಿಗಳು ಮುಚ್ಚಿಕೊಂಡು ಎಂಟಾಗಿದ್ದವು. ಶಾಯಿ ಮಾತ್ರ ನನ್ನದರಂತೆಯೇ. ಆ ಪುಸ್ತಕ ಇರುತ್ತಿದ್ದುದು ವಸಂತನ ಕಪಾಟಿನಲ್ಲಿ. ನಾನು ಬರೆದದ್ದು 130 ಎಂದು ಹೇಳಿದೆ.

"ನೀವು ಬರೆದದ್ದು 130 ಎಂಬುದು ಖಚಿತವೇ?" ಎಂದರು ವಿಚಾರಣಾಧಿಕಾರಿ.

ವಸಂತ ಪಕ್ಕದಿಂದ ಮೆಲ್ಲಗೆ ಅಂದ: "ನೆನಪು ಅನ್ನೋದು ಸುಳ್ಳು ಸಾಕ್ಷಿ ಅಂತ ನೀನಽ ಹೇಳ್ತಿದ್ದೆಲ್ಲೋ?"

ಹಾಸ್ಟೆಲಿನ ನನ್ನದೇ ಮಾತು. ಆ ವಾರ ಎಷ್ಟೋ ಅಂಕಿ ಬರೆದಿದ್ದೆ. "ಖಚಿತವಾಗಿ ಹೇಳಲಾರೆ," ಎಂದೆ.

ಮಾಳಪ್ಪನ ಕೆಲಸ ಹೋಯಿತು. ಹೊರಗೆ ಬಂದು ಕೇಳಿದ: "ತಡೀರಿ ಅಂದಿದ್ದು ನೀವರ ಕೇಳಿದ್ರಲ್ರಿ?"

"ಅದು ಅವತ್ತೋ, ಬ್ಯಾರೆ ದಿನಾನೋ..."

"ನಿಮ್ಮನ್ನ ನಂಬಿದ್ದೆ ನೋಡ್ರಿ," ಎಂದು ಹೊರಟುಹೋದ.

ಮರುದಿನ ಇಳಕಲ್ ಬಸ್ಸಿನಲ್ಲಿ ಹೋಗಿ, ಕಿತ್ತ ಜಾಗದಲ್ಲಿ ಇಳಿದೆ. ಡಾಂಬರು ಮುದ್ದೆಮುದ್ದೆಯಾಗಿ ಕೂತಿತ್ತು; ಅದರ ಪಕ್ಕದಲ್ಲೇ ಕಲ್ಲುಗಳು ಬೋಳಾಗಿದ್ದವು. 180ರಲ್ಲಿ ಅದು ನೀರಿನಂತೆ ಹರಿದು ಎಲ್ಲ ಕಲ್ಲಿಗೂ ಕಪ್ಪು ಬಳಿಯಬೇಕಿತ್ತು. ಮುದ್ದೆ ಕಟ್ಟಿದ್ದು ಕಾಯದ ಡಾಂಬರು. ಒಂದು ಮುದ್ದೆಯನ್ನು ಕಚೇರಿಗೆ ತಂದೆ. ಫೈಲು ಮುಚ್ಚಿಯಾಗಿತ್ತು.

ವಸಂತ ನನಗೆ ಮಾಡಿದ್ದನ್ನು ನಾನು ಮರೆತಿಲ್ಲ. ನಾನು ಮಾಳಪ್ಪನಿಗೆ ಮಾಡಿದ್ದು ಅದಕ್ಕಿಂತ ಕಡಿಮೆಯೇನಲ್ಲ. ನನ್ನ ನೆನಪನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ಅನುಮಾನ ಬಂದವನು ಹೋಗಿ ನೋಡಬೇಕು. ಆ ಬಸ್ಸನ್ನು ನಾನು ಎರಡು ದಿನ ಮೊದಲು ಹತ್ತಬೇಕಿತ್ತು.