ನುಣ್ಣಗಾಯ್ತೇನೇ?

ಬೆಳಿಗ್ಗೆ ಮಿಕ್ಸಿ ಸುಟ್ಟುಹೋಯಿತು. ಪಾಯಸಕ್ಕೆ ಏಲಕ್ಕಿ ಪುಡಿಯಾಗಬೇಕಿತ್ತು. ಬೇರೆ ದಾರಿ ಕಾಣದೆ ಅಟ್ಟದ ಮೇಲಿದ್ದ ಅಗೇಟ್ ಎಂಬ ಗಾಜಿನಂಥ ಕಲ್ಲಿನ, ಅರೆಯುವ ಪುಟ್ಟ ಬಟ್ಟಲನ್ನು ಗುಂಡಿನ ಸಮೇತ ಇಳಿಸಿದೆ. ಹೆದರಬೇಡಿ, ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಿದ್ದೇನೆ. ಗುಂಡನ್ನು ಒಂದು ಸುತ್ತು ತಿರುಗಿಸಿದ್ದೇ ತಡ, ಗಾಜಿಗೆ ಗಾಜು ಉಜ್ಜಿದಂಥ ಆ ಹಳೆಯ ಸದ್ದು ಬಂತು. ಏಲಕ್ಕಿಯ ಘಮಕ್ಕಿಂತ ಮೊದಲು, ಉಗುರುಬಣ್ಣ ಅಳಿಸುವ ದ್ರವದಂಥ ಅಸಿಟೋನಿನ ವಾಸನೆ ಮೂಗಿಗೆ ಬಡಿದ ಹಾಗಾಗಿ ಕೈ ನಿಂತುಬಿಟ್ಟಿತು.

ಈ ಬಟ್ಟಲಲ್ಲಿ ನಾನು ಅರೆದದ್ದು ಮಸಾಲೆಯಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ನಮ್ಮನೆಯವರು ಸಕಲೇಶಪುರದಲ್ಲಿ ಫಿಸಿಕ್ಸ್ ಲೆಕ್ಚರರ್, ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಹುಚ್ಚು. ವಿಷಯ ಏನು ಎಂದು ಕೇಳಿದ ನೆಂಟರಿಗೆಲ್ಲ ನಾನೇ ವಿವರಿಸುತ್ತಿದ್ದೆ. ನಿಮಗೂ ಹೇಳುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಲ್ಟಿಫೆರಾಯಿಕ್ ಎಂಬ ಜಾತಿಯ ವಸ್ತುಗಳಿವೆ. ಅವುಗಳಲ್ಲಿ ಅಯಸ್ಕಾಂತದ ಗುಣವೂ ಉಂಟು, ವಿದ್ಯುತ್ತಿನ ಧನ ಋಣಗಳು ಒಂದೊಂದು ಕಡೆಗೆ ಸರಿದು ನಿಲ್ಲುವ ಗುಣವೂ ಉಂಟು. ಎರಡೂ ಒಂದೇ ಮನೆಯಲ್ಲಿದ್ದರೂ ಮಾತುಕತೆ ಅಪರೂಪ. ಮಾತುಕತೆ ಇದ್ದರೆ, ಹೊರಗಿನಿಂದ ಅಯಸ್ಕಾಂತ ಸೋಕಿಸಿದಾಗ ಒಳಗಿನ ವಿದ್ಯುತ್ತು ಬದಲಾಗಿ ಮೀಟರಿನ ಮುಳ್ಳು ಅಲುಗಬೇಕು. ಆ ಮುಳ್ಳು ಅಲುಗುವುದನ್ನು ಒಂದು ಸಲ ಕಣ್ಣಾರೆ ಕಾಣಬೇಕು. ಇವರಿಗೆ ಬೇಕಾಗಿದ್ದದ್ದು ಅಷ್ಟೇ.

ಅಂಥ ವಸ್ತು ಮಾಡಲು ಬಿಸ್ಮತ್ ಎಂಬ ಲೋಹದ ಹಳದಿ ಪುಡಿ, ಕಬ್ಬಿಣದ ತುಕ್ಕಿನಂಥ ಕೆಂಪು ಪುಡಿ, ಮೇಲೆ ಒಂದಿಷ್ಟು ಅಸಿಟೋನ್. ಅರಿಶಿನ ಕುಂಕುಮ ಕಲಸಿದ ಹಾಗಿರುತ್ತಿತ್ತು. ಇವರ ಭುಜ ಹಿಡಿದುಕೊಂಡ ಮೇಲೆ ಅರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಕ್ಕದ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಲೇ ಕೂಗುತ್ತಿದ್ದರು.

"ನುಣ್ಣಗಾಯ್ತೇನೇ?"

"ನಿಮ್ಮಮ್ಮ ಅರೆಯೋ ಚಟ್ನಿಗಿಂತ ನುಣ್ಣಗಾಗೈತೆ, ಬಂದು ನೋಡ್ರೀ."

ಎದುರುಮನೆಯಾಕೆ ಇದು ನಾಟಿ ಔಷಧಿಯೇ ಸರಿ ಎಂದು ತೀರ್ಮಾನಿಸಿ, ಸಕ್ಕರೆ ಕಾಯಿಲೆಗೆ ಒಂದು ಪೊಟ್ಟಣ ಕೊಡಿ ಅಂತ ದುಂಬಾಲು ಬಿದ್ದಿದ್ದಳು. ಬೈದು ಕಳಿಸಿದೆ. ಆದರೂ ನಿಜ ಹೇಳಲೇ? ನನಗೆ ಒಳಗೊಳಗೇ ಜಂಬ. ಎಸ್ಸೆಸ್ಸೆಲ್ಸಿಗೆ ನಿಂತುಹೋದ ನನ್ನ ಓದು ಈ ಬಟ್ಟಲಲ್ಲಿ ಮತ್ತೆ ಶುರುವಾದ ಹಾಗನಿಸುತ್ತಿತ್ತು.

ಅರೆದದ್ದನ್ನು ಒತ್ತಿ ಬಿಲ್ಲೆ ಮಾಡಿ ಕುಲುಮೆಯಲ್ಲಿ ಸುಡಬೇಕು. ನಡುವೆ ಕರೆಂಟು ಹೋದರೆ ಎಲ್ಲ ನೀರಲ್ಲಿ ಹೋಮ. ಅದಕ್ಕೆ ಕುಲುಮೆಯನ್ನೂ ಮೀಟರನ್ನೂ ಹೆಗ್ಗದ್ದೆಯಲ್ಲಿ ನನ್ನ ತಮ್ಮ ಚಂದ್ರುವಿನ ಎಸ್ಟೇಟಿನಲ್ಲಿ, ಕಾಫಿ ಸ್ಟೋರಿನ ಮೂಲೆಯಲ್ಲಿ ಇಟ್ಟಿದ್ದರು. ಅಲ್ಲಿ ಜನರೇಟರ್ ಇತ್ತು. ರಜೆ ಸಿಕ್ಕಾಗಲೆಲ್ಲ ನಮ್ಮ ಸವಾರಿ ಅಲ್ಲಿಗೆ. ಎಷ್ಟೋ ಬಿಲ್ಲೆಗಳು ಬಿರಿದವು, ಎಷ್ಟೋ ಬಿಲ್ಲೆಗಳಲ್ಲಿ ಕರೆಂಟು ಸೋರಿಹೋಯಿತು. ಪಿಎಚ್‌ಡಿಯ ಗಡುವು ಮುಗಿಯುತ್ತ ಬಂದಿದ್ದ ಒಂದು ಭಾನುವಾರ ಮುಳ್ಳು ಅಲುಗಿತು.

ಅಯ್ಯೋ, ಆ ದಿನ ಇವರನ್ನು ನೀವು ನೋಡಬೇಕಿತ್ತು! ಸ್ಟೋರಿನಲ್ಲಿ ಕಾಫಿ ಬೀಜದ ಮೂಟೆಗಳ ಮಧ್ಯೆ ನನ್ನ ಕೈ ಹಿಡಿದು ಗರಗರ ತಿರುಗಿಸಿದರು. ವಾಪಸು ಬರುವಾಗ ಅದೇ ಗುಂಗಿನಲ್ಲಿ ನಮ್ಮೂರಲ್ಲಿ ಇಳಿಯುವುದನ್ನೇ ಮರೆತು, ಬಾಳ್ಳುಪೇಟೆಯ ಬೂತಿನಿಂದ ಗೈಡಿಗೆ ಫೋನು ಮಾಡಿದರು. ಇನ್ನೇನು, ಥೀಸಿಸ್ ಬರೆಯಿರಿ ಅಂದರಂತೆ.

ಮುಂದಿನ ವಾರ ಚಂದ್ರು ಹಟ ಹಿಡಿದ. "ನನ್ನ ಸ್ಟೋರ್‌ನಲ್ಲೇ ಆಗಿದ್ದು, ನಂಗೇ ತೋರಿಸ್ದಿದ್ರೆ ಹೆಂಗೆ ಭಾವ?"

ಇವರಿಗೂ ಉಮೇದು. ತಂತಿಯ ಸುರುಳಿಗೆ ಕರೆಂಟು ಬಿಟ್ಟರು, ಅದೇ ಅಯಸ್ಕಾಂತ. ನಡುವೆ ಬಿಲ್ಲೆ. ಮುಳ್ಳು ಅಲುಗಿತು. "ಈಗ ನೋಡು ಚಂದ್ರು, ಬಿಲ್ಲೆ ತೆಗೆದು ಬೇರೇನಿಟ್ಟರೂ ಇದು ಜಪ್ಪಯ್ಯ ಅನ್ನಲ್ಲ," ಅಂದವರೇ ಒಡೆದ ಕಾಫಿ ಕಪ್ಪಿನ ಚೂರೊಂದನ್ನು ಆ ಜಾಗದಲ್ಲಿ ಸಿಕ್ಕಿಸಿದರು.

ಮುಳ್ಳು ಅಲುಗಿತು. ಅಷ್ಟೇ ದೂರ.

ಚಂದ್ರು ಚಪ್ಪಾಳೆ ತಟ್ಟಿದ. "ಕಪ್ಪಿನ ಚೂರಿಗೂ ಕುಣೀತೈತಲ್ಲ ಭಾವ! ಇನ್ನೂ ಒಳ್ಳೇದೇ ಆಯ್ತು ಬಿಡಿ. ಅಕ್ಕನ ಕೈನೋವು ತಪ್ತು. ಒಂದು ಬಾಕ್ಸ್ ಕಪ್ಪು ತರಿಸ್ಬುಡ್ತೀನಿ."

ನಾನೂ ನಕ್ಕೆ. ಆಮೇಲೆ ಇವರ ಮುಖ ನೋಡಿದೆ. ಬಿಲ್ಲೆ, ಚೂರು, ಬಿಲ್ಲೆ, ಚೂರು ಅಂತ ಬದಲಾಯಿಸುತ್ತಲೇ ಇದ್ದರು. ಬಿಲ್ಲೆ ಏನೂ ಮಾಡಿರಲಿಲ್ಲ; ಮೀಟರಿಗೆ ಹೋಗುವ ತಂತಿಯೇ ಸುರುಳಿಯ ಅಯಸ್ಕಾಂತಕ್ಕೆ ಮಿಡಿಯುತ್ತಿತ್ತು.

ವಾಪಸು ಬರುವಾಗ, ನಮ್ಮೂರು ದಾಟಿ ಬಾಳ್ಳುಪೇಟೆಯಲ್ಲಿ ಕೆಲಸವಿದೆ ಅಂತ ಅಲ್ಲಿಯವರೆಗೆ ಟಿಕೆಟ್ ತೆಗೆಸಿದರು. ಅದೇ ಬೂತು. ಗಾಜಿನಾಚೆ ಇವರ ತುಟಿ ಮಾತ್ರ ಕಾಣುತ್ತಿತ್ತು. ಲಾರಿಗಳ ಗಲಾಟೆಯಲ್ಲಿ ಒಂದಕ್ಷರವೂ ಕೇಳಲಿಲ್ಲ.

"ಹೇಳ್ದೆ," ಅಂದರು ಹೊರಗೆ ಬಂದು.

"ಏನಂದ್ರು?"

"ಪಾಪ, ಒಳ್ಳೇ ಮನುಷ್ಯ."

"ಇನ್ನೊಂದ್ಸಲ ಅರೀತೀನಿ ಕಣ್ರೀ. ಇನ್ನೂ ನುಣ್ಣಗೆ ಅರೀತೀನಿ."

"ಅರೆದು ಏನೇ ಮಾಡೋದು?"

ಅಷ್ಟೇ. ಬಟ್ಟಲು ಅಟ್ಟಕ್ಕೆ ಹೋಯಿತು. ಕೆಲವು ವರ್ಷದ ಮೇಲೆ ಅದೇ ವಸ್ತುವನ್ನು ಕೂದಲಿಗಿಂತ ತೆಳುವಾದ ಪದರ ಮಾಡಿ ಯಾರೋ ಎಲ್ಲೋ ಗೆದ್ದರೆಂದು ಇವರೇ ಒಮ್ಮೆ ಊಟದ ನಡುವೆ ಹೇಳಿ, ಸಾರು ಬಡಿಸು ಅಂದರು. ಪಾಠ ಮಾಡಿದರು, ನಿವೃತ್ತರಾದರು. ಜಗಳವಿಲ್ಲ, ಕೊರತೆಯಿಲ್ಲ. ಆದರೆ ಪಕ್ಕದ ರೂಮಿನಿಂದ ನನ್ನನ್ನು ಕೂಗಿ ಏನನ್ನಾದರೂ ಕೇಳುವುದು ಅಂದಿಗೇ ನಿಂತಿತು.

ಇವತ್ತು ಗುಂಡು ತಿರುಗಿಸುತ್ತ ನಾನು ಕಿವಿಗೊಟ್ಟು ಕೂತೆ. ಪೇಪರ್ ಮಡಿಸಿದ ಸದ್ದಾಯಿತು. ಕುರ್ಚಿ ಸರಿಯಿತು. ಹೆಜ್ಜೆ ಬಾಗಿಲವರೆಗೂ ಬಂತು. ಈಗ ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ಬಾಗಿಲನ್ನು ಮೆಲ್ಲಗೆ, ನನಗೆ ಬೇಜಾರಾಗದ ಹಾಗೆ, ಮುಚ್ಚಿಕೊಂಡರು.

ಇಷ್ಟು ವರ್ಷ ಅದು ಇವರ ಸೋಲು ಅಂತಲೇ ತಿಳಿದಿದ್ದೆ. ಅರೆದವಳು ನಾನು. ಸೋತವಳು ನಾನೂ ಹೌದು. ನಿನಗೆ ಹೇಗಾಯ್ತೇ ಅಂತ ಒಬ್ಬರೂ ಕೇಳಲಿಲ್ಲ. ಏಲಕ್ಕಿ ನುಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ನಾನು ಅರೆಯುತ್ತಲೇ ಇದ್ದೆ.