ಗೋಡೆಪತ್ರಿಕೆಯ ಎರಡು ಪ್ರಬಂಧಗಳು

ಮೂಡಿಗೆರೆಯ ಕಾಲೇಜಿನಲ್ಲಿ ನಮಗೆ ಕನ್ನಡ ಕಲಿಸುತ್ತಿದ್ದ ಮೇಡಮ್ ಪ್ರಬಂಧಕಾರರನ್ನು ಜೋಡಿಯಾಗಿ ಓದಿಸುತ್ತಿದ್ದರು. ಒಬ್ಬರು ನಗಿಸುತ್ತಾ ಹತ್ತಿರ ಕರೆಯುವವರು, ಇನ್ನೊಬ್ಬರು ನೇರ ಮಾತಿನಲ್ಲಿ ಚುಚ್ಚುವವರು. ಓದಿ ಮುಗಿದ ಮೇಲೆ ಕನ್ನಡಕವನ್ನು ಹಣೆಗೇರಿಸಿ, "ಶೈಲಿ ಚಂದ ಇದೆ. ಯಾರಿಗೆ ಏನು ಮುಟ್ಟಿಸ್ಲಿಕ್ಕೆ ಬರೆದದ್ದು, ಅದು ಹೇಳಿ" ಎನ್ನುತ್ತಿದ್ದರು.

ಆ ವರ್ಷ ಗೋಡೆಪತ್ರಿಕೆಯಲ್ಲಿ ಒಂದೇ ಎಸ್ಟೇಟಿನ ಬಗ್ಗೆ ಎರಡು ಪ್ರಬಂಧಗಳನ್ನು ಅಕ್ಕಪಕ್ಕ ಅಂಟಿಸಿದರು. ನನ್ನ ಗೆಳತಿಯದು ಕಾಫಿ ಹೂವಿನ ಬಗ್ಗೆ. ನನ್ನದು, ಅಪ್ಪ ಕೆಲಸಕ್ಕಿದ್ದ ಆ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳಿಗೆ ನೀರಿಲ್ಲದಿರುವುದರ ಬಗ್ಗೆ. ಎರಡಕ್ಕೂ ಬರೆದವರ ಹೆಸರು ಹಾಕಿರಲಿಲ್ಲ.

ಮೂರನೇ ದಿನ ಎಸ್ಟೇಟಿನ ಮಾಲೀಕರು ತರಗತಿಗೇ ಬಂದರು. ಕಾಲೇಜಿನ ಸಮಿತಿಯಲ್ಲೂ ಅವರಿದ್ದರು. ಮೇಡಮ್ ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

"ನೀರಿನ ವಿಷಯ ಬರೆದದ್ದು ಯಾರು?"

ಮೇಡಮ್ ನನ್ನ ಕಡೆ ನೋಡಲೇ ಇಲ್ಲ.

"ಬರೆಸಿದ್ದು ನಾನು ಸಾರ್. ಹೂವಿನದ್ದು ನಿಮಗೆ ಖುಷಿ ಆಗ್ಲಿ ಅಂತ. ನೀರಿನದ್ದು ನಿಮಗೆ ಗೊತ್ತಾಗ್ಲಿ ಅಂತ."

"ನಾನು ಕೇಳಿದ್ದು ಹೆಸರು."

"ಹೆಸರು ಹೇಳೋದಿಲ್ಲ ಸಾರ್."

ಮಾಲೀಕರು ಹೊರಗೆ ಹೋಗಿ ಗೋಡೆಯಿಂದ ನನ್ನ ಹಾಳೆಯನ್ನು ಕಿತ್ತು ಜೇಬಿಗೆ ತುರುಕಿಕೊಂಡರು.

ಸಂಜೆ ಮೇಡಮ್ ನನ್ನನ್ನು ಕರೆದು ಬಿಳಿ ಹಾಳೆಯೊಂದನ್ನು ಮುಂದಿಟ್ಟುಕೊಂಡರು. "ನಿನ್ನ ಕೈಬರಹ ಅವ್ರ ಜೇಬಲ್ಲಿದೆ, ಮತ್ತೆ ಅದೇ ಕಂಡ್ರೆ ಗುರುತು ಹಿಡೀತಾರೆ. ನೀನು ಹೇಳು, ನಾನು ಬರೀತೇನೆ. ಒಂದು ಸಾಲೂ ಬಿಡ್ಬೇಡ."

ನಾನು ನೆನಪಿನಿಂದ ಹೇಳುತ್ತಾ ಹೋದೆ. ಅವರು ಬರೆದುಕೊಂಡರು. ಕೊನೆಗೆ ಆ ಹಾಳೆಯ ಕೆಳಗೆ ತಮ್ಮ ಹೆಸರು ಬರೆದು, ಹೋಗಿ ಅದೇ ಜಾಗದಲ್ಲಿ ಅಂಟಿಸಿ ಬಂದರು.