ಬೀಳದೇ ಉಳಿದ ಏಟು

ಹಾಡಿನ ಸಾಲಿನ ಕೊನೆಯಲ್ಲಿ ಬೀಳಬೇಕಾದ ತಾಳದ ಏಟು ಬೀಳಲಿಲ್ಲ. ಪಕ್ಕದಲ್ಲಿದ್ದ ಸೋದರಮಾವ ನನ್ನ ಮೊಣಕೈ ಹಿಡಿದುಕೊಂಡರು. ಹನೂರಿನಲ್ಲಿ ನನಗೂ ಊರ ಹುಡುಗರಿಗೂ ಕಂಸಾಳೆ ಕಲಿಸುತ್ತಿದ್ದ ಅವರು, ಹದಿನೈದು ದಿನದ ಹಿಂದೆ ವೇದಿಕೆಯ ಮೇಲಿದ್ದ ಈ ಗಾಯಕ ಮನೆಗೆ ಬಂದಾಗ ಬೇಕೆಂದೇ ಆ ಏಟು ಬಿಟ್ಟು ಹಾಡು ಹೇಳಿಕೊಟ್ಟಿದ್ದರು. ಮಾದಪ್ಪನ ದೀಕ್ಷೆ ಪಡೆಯದವರಿಗೆ ಬೆಟ್ಟದ ಹಾಡು ಪೂರ್ತಿ ಕೊಡಬಾರದೆಂಬುದು ಅವರ ಹಠ. ಈಗ ಕೊಳ್ಳೇಗಾಲದ ವೇದಿಕೆಯಲ್ಲಿ ಅವನು ಗಿಟಾರಿನೊಂದಿಗೆ ಅದನ್ನೇ ಹಾಡುತ್ತಿದ್ದ. ಜನ ಕುಣಿಯುತ್ತಿದ್ದರು.

ಮದುವೆಗಳಲ್ಲಿ ಕ್ಲಾರಿಯೊನೆಟ್ ಊದಿ ಮೇಲೆ ಬಂದವನು. ಸಿನಿಮಾ ಧಾಟಿಗೆ ಕಂಸಾಳೆ ಬೆರೆಸಿ ಯಳಂದೂರಿನಿಂದ ಹನೂರಿನವರೆಗೆ ಹುಡುಗರ ಹಾಡಿಕೆಯನ್ನೇ ಬದಲಿಸಿದ್ದ. ನಮ್ಮ ಲೆಕ್ಕದಲ್ಲಿ ಹಾಡುಗಳ್ಳ.

ಹಾಡು ಮುಗಿಸಿ ನೇರ ನಮ್ಮ ಬಳಿ ಬಂದ. “ಒಂದೇಟು ನುಂಗ್ಬುಟ್ಟು ಏಳ್ಕೊಟ್ರಿ ಅಂತ ಅವತ್ತೇ ಗೊತ್ತಾಯ್ತು ಕಣಣ್ಣ. ಅದು ನಿಮ್ ತಾವೇ ಇರ್ಲಿ ಅಂತ ನಾನು ಅಂಗೇ ಆಡ್ದಿ.”

ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಗೊತ್ತಿದ್ದೋನು ಅವತ್ತೇ ಯಾಕ್ಲಾ ಕೇಳ್ನಿಲ್ಲ?”

“ಕೇಳುದ್ರೆ ಕೊಡ್ತಿದ್ರಾ?”

ಮಾವ ನನ್ನ ಮೊಣಕೈ ಬಿಟ್ಟರು.

ಮರುವರ್ಷ ಅವನ ಧಾಟಿ ಹಿಡಿದು ಮಾವನ ಶಿಷ್ಯರೇ ಆ ಏಟು ಬಿಟ್ಟು ಹಾಡುತ್ತ ಮಾದಪ್ಪನ ಬೆಟ್ಟ ಹತ್ತಿದರು, ಮಾವ ತಿದ್ದಲಿಲ್ಲ. ಆ ಗಾಯಕನಿಗೆ ನಿಜಕ್ಕೂ ಗೊತ್ತಿತ್ತೋ, ನಮ್ಮ ಮುಖ ನೋಡಿ ಅಲ್ಲೇ ಕಟ್ಟಿದ ಮಾತೋ, ನನಗೆ ಇಂದಿಗೂ ಅನುಮಾನ. ಮಾವ ತೀರಿಕೊಂಡರು. ಈಗ ಕಂಸಾಳೆ ಹಿಡಿದರೆ ಆ ಜಾಗದಲ್ಲಿ ನನ್ನ ಕೈಯೂ ತಾನಾಗಿ ನಿಲ್ಲುತ್ತದೆ.